‘ವರೆಗೆ’ ಎಂಬ ಅವ್ಯಯ

ಕನ್ನಡದಲ್ಲಿ ‘ವರೆಗೆ’ ಎಂಬುದು ಮೇರೆಯನ್ನು ಸೂಚಿಸುವ ಅವ್ಯಯ. ಮೂಡಿಗೆರೆಯಿಂದ ಕಳಸದವರೆಗೆ ಟಿಕೆಟ್ ತೆಗೆದವನು ಬಣಕಲ್ಲನ್ನೂ ಕೊಟ್ಟಿಗೆಹಾರವನ್ನೂ ದಾಟಿ, ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡಾದರೂ, ಕಳಸದಲ್ಲಿಯೇ ಇಳಿಯುತ್ತಾನೆ. ಮೊಣಕಾಲಿನವರೆಗೆ ಕೆಸರು ಎಂದಾಗ ಕೆಸರು ಮೊಣಕಾಲನ್ನು ಮುಟ್ಟಿದೆಯೆಂದೂ, ದೀಪಾವಳಿಯವರೆಗೆ ಮಳೆ ಎಂದಾಗ ಮಳೆ ದೀಪಾವಳಿಯನ್ನು ಕಂಡೇ ಹೋಯಿತೆಂದೂ ಕೇಳಿದವರು ಯಾವ ಸಂಶಯವೂ ಇಲ್ಲದೆ ಗ್ರಹಿಸುತ್ತಾರೆ. ಇಷ್ಟು ಕಾಲ ತಲುಪುವಿಕೆಯ ಅರ್ಥವನ್ನೇ ಹೊತ್ತಿದ್ದ ಈ ಪದಕ್ಕೆ ಅಂತರ್ಜಾಲದ ವ್ಯಾಪಾರವು ಹೊಸದೊಂದು ಅರ್ಥವನ್ನು ತೊಡಿಸಿದೆ. ‘ಸೆಕೆಂಡಿಗೆ 30 ಮೆಗಾಬಿಟ್‌ವರೆಗೆ ವೇಗ’ ಎಂಬ ಜಾಹೀರಾತಿನಲ್ಲಿ ‘ವರೆಗೆ’ ಎಂದರೆ ವೇಗವು ಅಲ್ಲಿಗೆ ತಲುಪುತ್ತದೆಂಬ ಮಾತಲ್ಲ, ಅದನ್ನು ಮೀರಿ ಹೋಗುವುದಿಲ್ಲವೆಂಬ ಎಚ್ಚರಿಕೆ. ಎರಡು ಮೆಗಾಬಿಟ್ ಬಂದರೂ, ಅರ್ಧ ಬಂದರೂ, ಏನೂ ಬಾರದೆ ಪರದೆಯ ಮೇಲೆ ಒಂದು ಉರುಟು ಗೆರೆ ಸುತ್ತುತ್ತಲೇ ಇದ್ದರೂ ಮಾರಿದವನು ಮಾತಿಗೆ ತಪ್ಪಿದಂತಾಗುವುದಿಲ್ಲ. ಕಾಫಿ ಸೀಮೆಯ ಗ್ರಾಹಕರು ‘ನೆಟ್ ಸ್ಲೋ’ ಎಂಬ ಎರಡೇ ಪದಗಳಲ್ಲಿ ಹೇಳಿ ಮುಗಿಸುವ ಅಸಮಾಧಾನದ ಬಹುಭಾಗ ಈ ಒಂದು ಅವ್ಯಯದೊಳಗೆ ಅಡಗಿದೆ.

ಆ ಅಸಮಾಧಾನ ಮೂಡಿಗೆರೆಯಲ್ಲಿ ಒಂದಿಷ್ಟು ಹೆಚ್ಚಾಗಿಯೇ ಚುಚ್ಚುವುದಕ್ಕೆ ಕಾರಣ, ಇದು ಅಳತೆಯ ಸೀಮೆ ಎಂಬುದು. ಕೊಯ್ಲಿನ ಕಾಲದಲ್ಲಿ ಸಂಜೆಯಾಗುತ್ತಲೇ ಹಣ್ಣು ಕೊಯ್ದವರು ತಮ್ಮ ತಮ್ಮ ಚೀಲಗಳನ್ನು ತಕ್ಕಡಿಯ ಮುಂದೆ ಸಾಲಾಗಿ ಇಡುತ್ತಾರೆ, ತೋಟದ ರೈಟರು ಒಬ್ಬೊಬ್ಬರ ಕೆ.ಜಿ.ಯನ್ನು ಗಟ್ಟಿಯಾಗಿ ಓದಿ ಪುಸ್ತಕಕ್ಕೆ ಏರಿಸುತ್ತಾರೆ, ಅರ್ಧ ಕೆ.ಜಿ. ಹೆಚ್ಚುಕಮ್ಮಿಯಾದರೂ ಅಲ್ಲಿಯೇ ಮಾತು ಬೆಳೆಯುತ್ತದೆ. ಕಣದಲ್ಲಿ ಒಣಗಿದ ಚೆರಿ 50 ಕೆ.ಜಿ.ಯ ಮೂಟೆಗಳಾಗಿ ವ್ಯಾಪಾರಿಯ ಗೋದಾಮಿಗೆ ಹೋದ ಮೇಲೆ ತೇವಾಂಶವನ್ನು ಮೀಟರು ನೋಡುತ್ತದೆ; ಮಾದರಿಗೆ ತೆಗೆದ ಚೆರಿಯ ಸಿಪ್ಪೆ ಬಿಡಿಸಿ, ಒಂದು ಮೂಟೆಯಿಂದ ಎಷ್ಟು ಕೆ.ಜಿ. ಶುದ್ಧ ಬೀಜ ಸಿಗುತ್ತದೆಂಬ ‘ಓಟಿ’ಯನ್ನು, ಎಂದರೆ ಔಟ್‌ಟರ್ನನ್ನು, ಮಾರುವವನ ಕಣ್ಣೆದುರಿಗೇ ತೆಗೆದು ಅದರ ಮೇಲೆ ದರ ಕಟ್ಟುತ್ತಾರೆ. ತೂಗುವ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು. ಇಂಥ ಊರಿನಲ್ಲಿ ‘50 ಕೆ.ಜಿ.ವರೆಗೆ ಕಾಫಿ ಇದೆ’ ಎಂದು ಹೇಳಿ ಮೂವತ್ತು ಕೆ.ಜಿ.ಯ ಮೂಟೆಯನ್ನು ಇಳಿಸಿ, ಐವತ್ತರ ಹಣವನ್ನು ಮುಂಗಡವಾಗಿ ಕೇಳುವ ಬೆಳೆಗಾರನೊಬ್ಬ ಇದ್ದನೆಂದು ಊಹಿಸುವುದೂ ಕಷ್ಟ. ಅಂತರ್ಜಾಲದ ವ್ಯಾಪಾರದಲ್ಲಿ ಮಾತ್ರ ಅಳೆಯುವವನೂ ಮಾರುವವನೂ ಒಬ್ಬನೇ. ಕೊಳ್ಳುವವನ ಬಳಿ ಇರುವುದು ಫೋನಿನಲ್ಲಿ ವೇಗ ಪರೀಕ್ಷಿಸುವ ಒಂದು ಆಪ್, ಅದು ತೋರಿಸುವ ಅಂಕಿಗೆ ತಕ್ಕಡಿಗಿರುವಂಥ ಮುದ್ರೆ ಇಲ್ಲ.

ಅಳತೆಯ ಪರಿಭಾಷೆಯನ್ನು ಇಲ್ಲಿಯೇ ಬಿಡಿಸಿಕೊಳ್ಳುವುದು ಒಳ್ಳೆಯದು. ಗಣಕದ ಅತಿ ಚಿಕ್ಕ ಅಂಶವಾದ ಸೊನ್ನೆ ಅಥವಾ ಒಂದು ಎಂಬುದಕ್ಕೆ ಬಿಟ್ ಎಂದೂ, ಅಂಥ ಎಂಟು ಬಿಟ್‌ಗಳ ಗುಂಪಿಗೆ ಬೈಟ್ ಎಂದೂ ಹೆಸರು. ಕಂಪನಿಗಳು ವೇಗವನ್ನು ಬಿಟ್‌ಗಳಲ್ಲಿಯೂ ಬಳಕೆಯ ಮೊತ್ತವನ್ನು ಬೈಟ್‌ಗಳಲ್ಲಿಯೂ ಹೇಳುತ್ತವೆ. ಆದ್ದರಿಂದ ಸೆಕೆಂಡಿಗೆ 30 ಮೆಗಾಬಿಟ್ ಎಂದು ದೊಡ್ಡದಾಗಿ ಕಾಣುವ ಅಂಕಿಯು ಕಡತಗಳ ಲೆಕ್ಕಕ್ಕೆ ಬಂದಾಗ ಸೆಕೆಂಡಿಗೆ ನಾಲ್ಕು ಮೆಗಾಬೈಟನ್ನೂ ಮುಟ್ಟುವುದಿಲ್ಲ. ಇದರಲ್ಲಿ ಮೋಸವೇನೂ ಇಲ್ಲ, ಪ್ರಪಂಚದಾದ್ಯಂತ ಇರುವ ರೂಢಿ ಇದು. ಆದರೆ ಒಂದೇ ಅಂಗಡಿಯಲ್ಲಿ ಒಂದನ್ನು ಚಟಾಕಿನಲ್ಲೂ ಇನ್ನೊಂದನ್ನು ಸೇರಿನಲ್ಲೂ ಅಳೆದು ಕೊಟ್ಟರೆ ಗಿರಾಕಿಗೆ ಲೆಕ್ಕ ತಪ್ಪುವುದು ಸಹಜ, ಲೆಕ್ಕ ತಪ್ಪಿದರೆ ಅಂಗಡಿಯವನಿಗೆ ನಷ್ಟವಿಲ್ಲ.

ಯಾವ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದು ಎಂಬುದನ್ನು ಭಾರತದಲ್ಲಿ ಸರ್ಕಾರವೇ ಗೊತ್ತುಪಡಿಸುತ್ತದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಅದು ಸೆಕೆಂಡಿಗೆ 256 ಕಿಲೋಬಿಟ್ ಆಗಿತ್ತು, 2013ರಲ್ಲಿ 512 ಆಯಿತು, 2023ರ ಜನವರಿಯಲ್ಲಿ 2 ಮೆಗಾಬಿಟ್ ಆಯಿತು. ಅಮೆರಿಕವು 2024ರಲ್ಲಿ ಇದೇ ಗೆರೆಯನ್ನು 100 ಮೆಗಾಬಿಟ್‌ಗೆ ಏರಿಸಿಕೊಂಡಿತು. 2005ರಲ್ಲಿ ಸರ್ಕಾರಿ ಕಂಪನಿಯಾದ ಬಿಎಸ್ಸೆನ್ನೆಲ್ ‘ಡೇಟಾವನ್’ ಎಂಬ ಹೆಸರಿನಲ್ಲಿ ತಂದ ಸಂಪರ್ಕವು ದೂರವಾಣಿಯ ತಾಮ್ರದ ತಂತಿಯ ಮೇಲೆಯೇ ಹರಿಯುತ್ತಿತ್ತು, ಮತ್ತು ತಾಮ್ರದ ಸ್ವಭಾವವೇನೆಂದರೆ ದೂರವಾಣಿ ಕೇಂದ್ರದಿಂದ ದೂರ ಹೋದಂತೆಲ್ಲ ಸಂಕೇತ ಸೊರಗುವುದು. ಪೇಟೆಯ ಮನೆಗಳಿಗೆ ಸುಖವಾಗಿ ಸಿಕ್ಕಿದ ವೇಗ ಏಳೆಂಟು ಕಿಲೋಮೀಟರು ಒಳಗಿನ ತೋಟದ ಬಂಗಲೆಗೆ ಬರುವ ಹೊತ್ತಿಗೆ ಬಹುಮಟ್ಟಿಗೆ ದಾರಿಯಲ್ಲೇ ಉಳಿದುಬಿಡುತ್ತಿತ್ತು. ಆ ಕಾಲದ ಕಡಿಮೆ ಬೆಲೆಯ ಯೋಜನೆಗಳಲ್ಲಿ ತಿಂಗಳಿಗೆ ಕೆಲವು ನೂರು ಮೆಗಾಬೈಟ್ ಮೀರಿದರೆ ಮುಂದಿನ ಪ್ರತಿ ಮೆಗಾಬೈಟಿಗೂ ಪ್ರತ್ಯೇಕ ಹಣ ತೆರಬೇಕಾಗಿದ್ದುದರಿಂದ, ಅರಿಯದೆ ವಿಡಿಯೊ ನೋಡಿದ ಮನೆಗೆ ಮುಂದಿನ ತಿಂಗಳು ಸಾವಿರಾರು ರೂಪಾಯಿಯ ಬಿಲ್ಲು ಬಂದು ಬೀಳುತ್ತಿತ್ತು. ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗಿನ ಬಳಕೆಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವಾದ್ದರಿಂದ ಅಲಾರಂ ಇಟ್ಟುಕೊಂಡು ಎದ್ದು ಹಾಡು, ಸಿನಿಮಾಗಳನ್ನು ಇಳಿಸಿಕೊಳ್ಳಲು ಹಚ್ಚಿ ಮತ್ತೆ ಮಲಗುವ ಒಂದು ತಲೆಮಾರೇ ಕರ್ನಾಟಕದಲ್ಲಿ ಇತ್ತು. ಈ ಬಿಲ್ಲಿನ ಆಘಾತಕ್ಕೆ ಹೋಲಿಸಿದರೆ, ಮಿತಿ ಮುಗಿದ ಮೇಲೆ ಹಣ ಕೇಳದೆ ವೇಗವನ್ನಷ್ಟೇ ತಗ್ಗಿಸುವ ಪದ್ಧತಿ ಬಂದಾಗ ಅದು ದಯೆಯಂತೆಯೇ ಕಂಡಿತೆಂಬುದನ್ನು ಇಂದಿನ ಸಿಟ್ಟಿನಲ್ಲಿ ಮರೆಯಬಾರದು.

ಆ ಪದ್ಧತಿಗೆ ‘ಫೇರ್ ಯೂಸೇಜ್ ಪಾಲಿಸಿ’, ಎಂದರೆ ನ್ಯಾಯಯುತ ಬಳಕೆಯ ನೀತಿ ಎಂದು ಹೆಸರಿಟ್ಟರು. ಹೆಸರಿನಲ್ಲಿ ನ್ಯಾಯವೆಂದಿರುವ ವಸ್ತುಗಳ ಬಗ್ಗೆ ಸಾಮಾನ್ಯವಾಗಿ ಇರಬೇಕಾದ ಎಚ್ಚರವನ್ನು ಇಲ್ಲಿಯೂ ಇಟ್ಟುಕೊಳ್ಳಬೇಕು. ವೇಗವನ್ನು ಹೀಗೆ ತಗ್ಗಿಸುವ ಕ್ರಿಯೆಗೆ ಇಂಗ್ಲಿಷಿನಲ್ಲಿ ಥ್ರಾಟ್ಲಿಂಗ್ ಎನ್ನುತ್ತಾರೆ, ಆ ಪದದ ಮೂಲ ಗಂಟಲಿಗೆ ಸಂಬಂಧಿಸಿದ್ದು. ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಲು ಗಂಟಲಿಗಿಂತ ಸ್ಪ್ರಿಂಕ್ಲರ್ ಹತ್ತಿರದ ಸಾಧನ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೂಮಳೆ ಕೈಕೊಟ್ಟರೆ ಕೆರೆಯಿಂದ ನೀರೆತ್ತಿ ರೋಬಸ್ಟಾಕ್ಕೆ ಹೊಡೆಯುತ್ತಾರೆ. ಒಂದು ಪಂಪ್‌ಸೆಟ್ಟಿಗೆ ನಾಲ್ಕು ಜೆಟ್ಟು ಜೋಡಿಸಿದರೆ ನೀರು ದೂರಕ್ಕೆ ಚಿಮ್ಮುತ್ತದೆ, ಅದೇ ಪಂಪ್‌ಸೆಟ್ಟಿಗೆ ಹತ್ತು ಜೋಡಿಸಿದರೆ ಎಲ್ಲ ಜೆಟ್ಟುಗಳೂ ಬುಡದಲ್ಲೇ ತೊಟ್ಟಿಕ್ಕುತ್ತವೆ. ಸಂಜೆ ಎಂಟರ ಮೇಲೆ ಊರಿಗೆ ಊರೇ ಕ್ರಿಕೆಟ್ಟು, ಧಾರಾವಾಹಿಗಳಿಗೆ ಕುಳಿತಾಗ ಆಗುವುದು ಇದೇ. ಒಂದೇ ಕೊಳವೆಯನ್ನು ಎಷ್ಟು ಮನೆಗಳ ನಡುವೆ ಹಂಚಲಾಗಿದೆ ಎಂಬುದನ್ನು ಹಂಚಿಕೆಯ ಅನುಪಾತ ಎಂದು ಕರೆಯುತ್ತಾರೆ, ಮನೆಬಳಕೆಗೆ ಒಂದಕ್ಕೆ ಐವತ್ತರಷ್ಟು ಹಂಚಿಕೆಗೂ ಹಿಂದಿನಿಂದ ಅವಕಾಶವಿದೆ. ಇದು ಒತ್ತಡ ಇಳಿಯುವ ಮಾತು. ಥ್ರಾಟ್ಲಿಂಗ್ ಹಾಗಲ್ಲ, ಕೆರೆಯಲ್ಲಿ ನೀರಿದ್ದು, ಪಂಪು ಓಡುತ್ತಿದ್ದು, ನಿಮ್ಮ ತೋಟದ ಪಾಲು ಮುಗಿಯಿತೆಂದು ಯಾರೋ ಬಂದು ಗೇಟ್‌ವಾಲ್ವನ್ನು ಮುಕ್ಕಾಲು ತಿರುಗಿಸಿ ಹೋಗುವುದು ಅದು. ಮೊದಲನೆಯದು ಕೊರತೆ, ಎರಡನೆಯದು ತೀರ್ಮಾನ. ಮನೆಯಲ್ಲಿ ಕುಳಿತವನಿಗೆ ಎರಡೂ ಒಂದೇ ರೀತಿ ತೋರುತ್ತವೆ, ಮತ್ತು ಯಾವುದು ಯಾವುದೆಂದು ಹೇಳಬಲ್ಲವನು ವಾಲ್ವಿನ ಬಳಿ ನಿಂತವನೊಬ್ಬನೇ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿಯೇ ಈ ವಾಲ್ವಿನ ಲೆಕ್ಕವನ್ನು ಬಹಿರಂಗಪಡಿಸಬೇಕೆಂದು ಹೇಳಿತು. ಮಿತಿ ಎಷ್ಟು, ಮಿತಿಯವರೆಗಿನ ವೇಗವೆಷ್ಟು, ಮಿತಿಯ ಆಚೆಗಿನ ವೇಗವೆಷ್ಟು ಎಂಬುದನ್ನು ಗ್ರಾಹಕನಿಗೆ ತಿಳಿಸಬೇಕೆಂಬ ಆ ನಿರ್ದೇಶನವನ್ನು 2016ರ ಅಕ್ಟೋಬರ್ 31ರಂದು ಇನ್ನಷ್ಟು ಬಿಗಿಗೊಳಿಸಿ, ಸ್ಥಿರ ಬ್ರಾಡ್‌ಬ್ಯಾಂಡಿನಲ್ಲಿ ಮಿತಿ ಮುಗಿದ ಮೇಲೂ ವೇಗ 512 ಕಿಲೋಬಿಟ್‌ಗಿಂತ ಕೆಳಗೆ ಇಳಿಯಕೂಡದೆಂದು ಗೊತ್ತುಮಾಡಿತು. ಇಂದಿನ ಫೈಬರ್ ಯೋಜನೆಗಳಲ್ಲಿ ಮಿತಿಯೇ ಬಹು ದೊಡ್ಡದು: 2020ರ ಅಕ್ಟೋಬರ್‌ನಲ್ಲಿ ಬಿಎಸ್ಸೆನ್ನೆಲ್ ತಂದ 449 ರೂಪಾಯಿಯ ಯೋಜನೆಯಲ್ಲಿ 3,300 ಗಿಗಾಬೈಟ್‌ವರೆಗೆ 30 ಮೆಗಾಬಿಟ್ ವೇಗ, ಆಮೇಲೆ 2 ಮೆಗಾಬಿಟ್ ಎಂದಿತ್ತು. ಹತ್ತು ದಿನ ಹಗಲಿರುಳು ಪೂರ್ಣ ವೇಗದಲ್ಲಿ ಇಳಿಸಿಕೊಂಡರೆ ಆ ಮಿತಿ ಮುಗಿಯುತ್ತದೆಂಬುದು ಲೆಕ್ಕದ ಮಾತು. ಯಾವ ಸಂಸಾರಸ್ಥರ ಮನೆಯೂ ಅಷ್ಟನ್ನು ಬಳಸಲಾರದು. ಬಿಲ್ಲು ಕೈಗೆ ಬಂದಾಗ 449 ಎಂಬುದು ಶೇ. 18ರ ಜಿಎಸ್‌ಟಿ ಸೇರಿ 530ರ ಹತ್ತಿರ ನಿಲ್ಲುತ್ತಿತ್ತು, ಅದು ಬೇರೆ ಮಾತು. ಫೈಬರು ಮನೆಯೊಳಗೆ ಬಂದವನಿಗೆ ವಾಲ್ವಿನ ಚಿಂತೆ ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಆದರೆ ಬಾಳೂರು, ಜಾವಳಿ, ಸಂಸೆಗಳ ಆಸುಪಾಸಿನ ಅನೇಕ ಒಂಟಿಮನೆಗಳಿಗೆ ಫೈಬರು ಬಂದಿಲ್ಲ, ಅಲ್ಲಿ ಬ್ರಾಡ್‌ಬ್ಯಾಂಡ್ ಎಂದರೆ ಕಿಟಕಿಯ ಒಂದು ಮೂಲೆಯಲ್ಲಿ ಟವರು ಸಿಗುವ ಜಾಗ ಹುಡುಕಿ ಇಟ್ಟ ಮೊಬೈಲು, ಮತ್ತು ಅದರ ಹಾಟ್‌ಸ್ಪಾಟಿಗೆ ಜೋತುಬಿದ್ದ ಮನೆಯವರೆಲ್ಲರೂ. 512ರ ಆ ರಕ್ಷಣೆ ಈ ಮೊಬೈಲಿಗೆ ಅನ್ವಯಿಸುವುದಿಲ್ಲ.

ಮೊಬೈಲಿನ ಲೆಕ್ಕ ದಿನದ ಲೆಕ್ಕ. ದಿನಕ್ಕೆ ಒಂದೂವರೆ ಗಿಗಾಬೈಟ್ ಎಂಬ ಸಾಮಾನ್ಯ ಪ್ಯಾಕು ಮುಗಿದ ಮೇಲೆ ವೇಗವು ಸೆಕೆಂಡಿಗೆ 64 ಕಿಲೋಬಿಟ್‌ಗೆ, ಎಂದರೆ 8 ಕಿಲೋಬೈಟ್‌ಗೆ ಇಳಿಯುತ್ತದೆ. ಸರ್ಕಾರದ ಈಗಿನ ವ್ಯಾಖ್ಯೆಯ ಬ್ರಾಡ್‌ಬ್ಯಾಂಡಿನ ಮೂವತ್ತರಲ್ಲಿ ಒಂದು ಪಾಲು ಇದು. ಒಂದೂವರೆ ಗಿಗಾಬೈಟನ್ನು ಈ ವೇಗದಲ್ಲಿ ಇಳಿಸಿಕೊಳ್ಳಲು 52 ಗಂಟೆ ಬೇಕು. ರೋಬಸ್ಟಾದ ಎಲೆಯ ಮೇಲೆ ಕಂಡ ಮಚ್ಚೆ ಯಾವ ರೋಗದ್ದೆಂದು ತಿಳಿಯಲು, ಅಥವಾ ಅರೇಬಿಕಾದ ಕಾಂಡದಲ್ಲಿ ಕೊರಕದ ರಂಧ್ರವೇ ಹೌದೋ ಅಲ್ಲವೋ ಎಂದು ಕೇಳಲು ಬೆಳೆಗಾರ ಇಂದು ಫೋಟೊ ತೆಗೆದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಅಥವಾ ಮೂಡಿಗೆರೆಯ ತೋಟಗಾರಿಕಾ ಕಾಲೇಜಿನ ಪರಿಚಯದ ತಜ್ಞರಿಗೆ ಕಳಿಸುತ್ತಾನೆ. ಐದು ಮೆಗಾಬೈಟಿನ ಅಂಥ ಒಂದು ಫೋಟೊ 64 ಕಿಲೋಬಿಟ್ ವೇಗದಲ್ಲಿ ಹೊರಡಲು ಹತ್ತು ನಿಮಿಷ ಮೀರುತ್ತದೆ, ಅದೂ ನಡುವೆ ಟವರು ಕೈಬಿಡದಿದ್ದರೆ. ಬಾಳೆಹೊನ್ನೂರಿನವರು ನೋಡಬೇಕಾದ ಎಲೆಯ ಬದಲು ಬೆಳೆಗಾರನೇ ಪರದೆಯ ಮೇಲಿನ ಉರುಟು ಗೆರೆಯನ್ನು ನೋಡುತ್ತ ಗಿಡದ ಬುಡದಲ್ಲಿ ನಿಂತಿರುತ್ತಾನೆ. ಇಷ್ಟಾದರೂ ಪ್ಯಾಕಿನ ಹೆಸರು ‘ಅನ್‌ಲಿಮಿಟೆಡ್’. ಸಂಪರ್ಕ ಕಡಿದುಹೋಗಿಲ್ಲ, ವೇಗವಷ್ಟೇ ಇಲ್ಲ ಎಂಬುದು ಆ ಹೆಸರಿಗೆ ಇರುವ ಸಮರ್ಥನೆ. ಅನ್ನ ಅಪರಿಮಿತ, ಎರಡನೆಯ ಸಲ ಒಂದೊಂದೇ ಅಗುಳು ಬಡಿಸಲಾಗುವುದು ಎಂಬ ಊಟದ ಹೋಟೆಲಿಗೂ ಇದೇ ಸಮರ್ಥನೆ ಸಲ್ಲುತ್ತದೆ.

ಇಲ್ಲಿ ಕಾನೂನಿನದೊಂದು ವೈಚಿತ್ರ್ಯವನ್ನು ಗಮನಿಸಬೇಕು. 2016ರ ಫೆಬ್ರವರಿಯಲ್ಲಿ ಟ್ರಾಯ್ ಒಂದೊಂದು ಜಾಲತಾಣಕ್ಕೆ ಒಂದೊಂದು ದರ ಹಾಕುವುದನ್ನು ನಿಷೇಧಿಸಿತು, 2018ರ ಜುಲೈಯಲ್ಲಿ ಸರ್ಕಾರ ಜಾಲ ತಟಸ್ಥತೆಯ ತತ್ತ್ವವನ್ನು ಒಪ್ಪಿಕೊಂಡಿತು. ಕಂಪನಿಯು ತನಗೆ ಬೇಡವಾದ ವಿಷಯವನ್ನು ತಡೆಯುವಂತಿಲ್ಲ, ಅದರ ವೇಗವನ್ನು ಕುಂದಿಸುವಂತಿಲ್ಲ, ಬೇಕಾದುದಕ್ಕೆ ಹಾದಿ ಬಿಡಿಸಿಕೊಡುವಂತಿಲ್ಲ ಎಂಬುದು ಆ ತತ್ತ್ವದ ಸಾರ. ಜಗತ್ತಿನಲ್ಲಿಯೇ ಗಟ್ಟಿಯಾದ ನಿಯಮಗಳ ಪೈಕಿ ಇದೂ ಒಂದೆಂದು ಹೊಗಳಿಕೆ ಪಡೆದ ಈ ವ್ಯವಸ್ಥೆಯಲ್ಲಿ ಸಿನಿಮಾ ತಾಣದ ಕತ್ತು ಹಿಸುಕುವುದು ಅಪರಾಧ, ಸಿನಿಮಾ ನೋಡುವವನ ಕತ್ತು ಹಿಸುಕುವುದು ಯೋಜನೆಯ ಷರತ್ತು.

ಬೆಲೆಯ ಕಥೆ ಬೇರೆ ದಿಕ್ಕಿನಿಂದ ಬಂದು ಇದೇ ಜಾಗಕ್ಕೆ ಸೇರುತ್ತದೆ. 2016ಕ್ಕೆ ಮುಂಚೆ ಒಂದು ಗಿಗಾಬೈಟಿಗೆ ಇನ್ನೂರು ರೂಪಾಯಿಗೂ ಹೆಚ್ಚು ಕೊಟ್ಟು, ಅದನ್ನು ಒಂದು ತಿಂಗಳು ಉಪ್ಪಿನಕಾಯಿಯಂತೆ ನಂಚಿಕೊಳ್ಳುತ್ತಿದ್ದ ಜನರಿಗೆ ಆ ವರ್ಷದ ಸೆಪ್ಟೆಂಬರ್ 5ರಂದು ಆರಂಭವಾದ ಜಿಯೊ ಕಂಪನಿ ತಿಂಗಳುಗಟ್ಟಲೆ ಡೇಟಾವನ್ನು ಪುಕ್ಕಟೆಯಾಗಿ ಹಂಚಿತು. ಬೆಲೆಗಳು ನೆಲಕಚ್ಚಿದವು, ಕೆಲವು ಕಂಪನಿಗಳು ಮುಚ್ಚಿದವು, ಕೆಲವು ಒಂದರೊಳಗೊಂದು ಸೇರಿದವು; ಕೊನೆಗೆ ಮೂರು ಖಾಸಗಿ ಕಂಪನಿಗಳೂ ಒಂದು ಸರ್ಕಾರಿ ಕಂಪನಿಯೂ ಉಳಿದವು. ಆ ಬಳಿಕ ಖಾಸಗಿಯವು 2019ರ ಡಿಸೆಂಬರ್‌ನಲ್ಲಿ, 2021ರ ಕೊನೆಯಲ್ಲಿ, 2024ರ ಜುಲೈಯಲ್ಲಿ ಪ್ರತಿ ಸಲವೂ ಒಂದರ ಹಿಂದೆ ಒಂದರಂತೆ ಕೆಲವೇ ದಿನಗಳ ಅಂತರದಲ್ಲಿ ದರ ಏರಿಸಿದವು. ದರವನ್ನು ಕಂಪನಿಗಳ ವಿವೇಚನೆಗೆ ಬಿಡುವುದು ಟ್ರಾಯ್‌ನ ನೀತಿಯಾದ್ದರಿಂದ ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಅವುಗಳ ಪಕ್ಷವನ್ನೂ ಹೇಳಬೇಕು: ತರಂಗಾಂತರದ ಹರಾಜಿಗೆ ಕಟ್ಟಿದ ಹಣ, 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ, ಸರ್ಕಾರಕ್ಕೆ ಸಲ್ಲಬೇಕಾದ ವರಮಾನ ಪಾಲಿನ ಬಾಕಿ, 2022ರಲ್ಲಿ ಆರಂಭವಾದ 5ಜಿಯ ಬಂಡವಾಳ, ಇವೆಲ್ಲ ಎಲ್ಲಿಂದಲೋ ಬರಬೇಕು. ಆದರೆ 2024ರ ಏರಿಕೆಯ ಜೊತೆಯಲ್ಲಿಯೇ ಅಪರಿಮಿತ 5ಜಿಯನ್ನು ದಿನಕ್ಕೆ 2 ಗಿಗಾಬೈಟ್ ಮತ್ತು ಅದಕ್ಕಿಂತ ದೊಡ್ಡ ಪ್ಯಾಕುಗಳಿಗೆ ಸೀಮಿತಗೊಳಿಸಲಾಯಿತು. 5ಜಿಯ ಒಂದು ಅಲೆಯೂ ಇಳಿಯದ ಕಣಿವೆಯಲ್ಲಿ ಕುಳಿತ ಗ್ರಾಹಕ ಅದರ ಬಂಡವಾಳಕ್ಕೆ ತನ್ನ ಪಾಲನ್ನು ಕೊಡುತ್ತಿದ್ದಾನೆ, ಅದರ ಫಲ ಬೆಂಗಳೂರಿನ ಮೆಟ್ರೊದಲ್ಲಿ ಕುಳಿತವನಿಗೆ ಸಲ್ಲುತ್ತಿದೆ. ನಗರಕ್ಕೂ ಗುಡ್ಡಕ್ಕೂ ದರ ಒಂದೇ ಎಂಬ ಸಮಾನತೆ ಕೇಳಲು ಚೆನ್ನಾಗಿದೆ.

28 ದಿನಗಳ ಅವಧಿಯನ್ನು ಕಂಡುಹಿಡಿದವನು ಪಂಚಾಂಗವನ್ನು ಬಲ್ಲವನಾಗಿರಬೇಕು. ಚಾಂದ್ರಮಾನದಲ್ಲಿ ಅಧಿಕಮಾಸ ಹೆಚ್ಚುಕಡಿಮೆ ಎರಡೂಮುಕ್ಕಾಲು ವರ್ಷಕ್ಕೆ ಒಮ್ಮೆ ಬರುತ್ತದೆ. ಮೊಬೈಲಿನ ಮಾನದಲ್ಲಿ ಅದು ಪ್ರತಿ ವರ್ಷವೂ ಬರುತ್ತದೆ, ಏಕೆಂದರೆ 28ರ ಹದಿಮೂರು ಸುತ್ತು ಸೇರಿದರೆ 364 ದಿನ. 2022ರ ಜನವರಿಯಲ್ಲಿ ಟ್ರಾಯ್ ಪ್ರತಿ ಕಂಪನಿಯೂ 30 ದಿನಗಳ ಒಂದು ಪ್ಯಾಕನ್ನಾದರೂ ಇಡಬೇಕೆಂದು ಆದೇಶಿಸಿತು, ಕಂಪನಿಗಳು ಇಟ್ಟವು, ಅಂಗಡಿಯಲ್ಲಿ ಕೇಳಿದರೆ ಮೊದಲು ಬಾಯಿಗೆ ಬರುವುದು ಇಂದಿಗೂ 28 ದಿನದ್ದೇ. ದಿನಕ್ಕೆ ಒಂದೂವರೆ ಗಿಗಾಬೈಟಿನ ಜಿಯೊ ಪ್ಯಾಕು 2024ರ ಜುಲೈಯಲ್ಲಿ 239ರಿಂದ 299 ರೂಪಾಯಿಗೆ ಏರಿದಾಗ ಪೇಪರಿನವರು 60 ರೂಪಾಯಿ ಏರಿಕೆ ಎಂದು ಬರೆದರು. ಹದಿಮೂರು ಸಲಕ್ಕೆ ಅದು 780 ರೂಪಾಯಿ. ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದು ಬಿಡಾರ ಹೂಡಿದ ಗಂಡ ಹೆಂಡಿರ ಬಳಿ ಒಂದೊಂದು ಫೋನಿರುತ್ತದೆ, ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಮಗುವಿನ ಮುಖವನ್ನು ವಿಡಿಯೊ ಕರೆಯಲ್ಲಿ ನೋಡುವುದಕ್ಕೆ ಅದೊಂದೇ ದಾರಿ. ಆ ದರದಲ್ಲಿ ಎರಡು ಫೋನಿಗೆ ವರ್ಷಕ್ಕೆ 7,774 ರೂಪಾಯಿ ಎಂಬುದು ಆ ಮನೆಗೆ ಹಲವು ದಿನಗಳ ಕೂಲಿ. ಭಾರತದಲ್ಲಿ ಡೇಟಾ ಜಗತ್ತಿನ ಅಗ್ಗದ ಡೇಟಾಗಳಲ್ಲಿ ಒಂದು ಎಂದು ಹೇಳುವವರ ಮಾತು ಸುಳ್ಳಲ್ಲ. ಆ ಅಗ್ಗವನ್ನು ಅವರು ಲೈನ್ ಮನೆಯ ಕೂಲಿಯ ಜೊತೆಗಿಟ್ಟು ಅಳೆದಿರುವುದಿಲ್ಲ, ಅಷ್ಟೆ.

ಏರಿಕೆಗೆ ಜನ ಕೊಟ್ಟ ಉತ್ತರ ಪೋರ್ಟ್ ಮಾಡಿಸುವುದಾಗಿತ್ತು, ಎಂದರೆ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವುದು. ದರ ಏರಿಸದೆ ಉಳಿದ ಬಿಎಸ್ಸೆನ್ನೆಲ್‌ಗೆ ಆ ಜುಲೈ ಒಂದೇ ತಿಂಗಳಲ್ಲಿ ದೇಶದಾದ್ಯಂತ 29 ಲಕ್ಷಕ್ಕೂ ಹೆಚ್ಚು ಮೊಬೈಲ್ ಗ್ರಾಹಕರು ಸೇರಿದರು, ಮೂರು ಖಾಸಗಿ ಕಂಪನಿಗಳೂ ಗ್ರಾಹಕರನ್ನು ಕಳೆದುಕೊಂಡವು. ಮಲೆನಾಡಿನಲ್ಲಿ ಇದಕ್ಕೆ ಒಂದು ಹಳೆಯ ಸಲುಗೆಯೂ ಸೇರಿತ್ತು. ಖಾಸಗಿಯವರು ಲಾಭವಿಲ್ಲವೆಂದು ಬಾರದ ಮೂಲೆಗಳಲ್ಲಿ ಬಿಎಸ್ಸೆನ್ನೆಲ್ ಟವರೊಂದೇ ನಿಂತಿದ್ದ ಕಾಲವನ್ನು ಜನ ಮರೆತಿಲ್ಲ, ಕರೆಂಟು ಹೋದರೆ ಟವರಿನ ಜನರೇಟರಿಗೆ ಡೀಸೆಲ್ ಇಲ್ಲದೆ ಅದೂ ಮೌನವಾಗುತ್ತಿದ್ದುದನ್ನೂ ಮರೆತಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಸೇರಿದವರಲ್ಲಿ ಹಲವರು ಮರಳಿದರು. ಅಗ್ಗವಾದದ್ದು ನಿಧಾನ, ವೇಗವಾದದ್ದು ದುಬಾರಿ ಎಂಬ ಆಯ್ಕೆಯಾದರೂ ಪೇಟೆಯವರಿಗೆ ಇದೆ. ಒಂದೇ ಟವರಿನ ನೆರಳಿನಲ್ಲಿರುವ ಹಳ್ಳಿಗೆ ಪೋರ್ಟ್ ಎಂಬ ಹಕ್ಕು ಪಕ್ಕದ ಊರಿನ ಜಾತ್ರೆಯಂತೆ, ಸದ್ದಷ್ಟೇ ಕೇಳುತ್ತದೆ.

ಮಳೆಗಾಲ ಬಂದ ಮೇಲೆ ವೇಗದ ಚರ್ಚೆಯೇ ನಿಂತುಹೋಗುತ್ತದೆ, ಸಂಪರ್ಕ ಇದೆಯೋ ಇಲ್ಲವೋ ಎಂಬುದಷ್ಟೇ ಉಳಿಯುತ್ತದೆ. ಈ ಸೀಮೆಯಲ್ಲಿ ಮನೆಮನೆಯ ಫೈಬರು ನೆಲದೊಳಗಿಲ್ಲ. ಸ್ಥಳೀಯ ಕೇಬಲಿನವರು ಅದನ್ನು ಕರೆಂಟು ಕಂಬದಿಂದ ಕಂಬಕ್ಕೆ, ಕಂಬ ಮುಗಿದಲ್ಲಿ ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟಿಕೊಂಡು ಹೋಗಿರುತ್ತಾರೆ. ಆರಿದ್ರಾ, ಪುನರ್ವಸು ಮಳೆಗಳ ಗಾಳಿಗೆ ಒಂದು ಕೊಂಬೆ ಮುರಿದರೆ ಮೆಸ್ಕಾಂ ತಂತಿಯೂ ಫೈಬರೂ ಒಟ್ಟಿಗೇ ನೆಲಕ್ಕೆ ಬರುತ್ತವೆ. ಕರೆಂಟಿನವರು ಮೊದಲು ಬರಬೇಕು, ಅವರ ಕೆಲಸ ಮುಗಿದ ಮೇಲೆ ಕೇಬಲಿನ ಹುಡುಗ ಬರಬೇಕು. ಅವನು ರೇನ್‌ಕೋಟು ತೊಟ್ಟು, ಕಾಲಿಗೆ ಜಿಗಣೆ ಹತ್ತದಂತೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು, ಕೂದಲಿಗಿಂತ ಸ್ವಲ್ಪವೇ ದಪ್ಪದ ಗಾಜಿನ ಎಳೆಯ ಎರಡು ತುದಿಗಳನ್ನು ಒರೆಸಿ, ಕೊಡೆಯ ಕೆಳಗೆ ಪುಟ್ಟ ಯಂತ್ರದಲ್ಲಿಟ್ಟು ಬೆಸೆಯುತ್ತಾನೆ. ಒಂದು ಹನಿ ಬಿದ್ದರೂ ಬೆಸುಗೆ ಕೆಡುತ್ತದೆ, ಮತ್ತೆ ಕತ್ತರಿಸಿ ಮತ್ತೆ ಬೆಸೆಯಬೇಕು. ಗ್ರಾಹಕರ ಬೈಗುಳವೆಲ್ಲ ಬೀಳುವುದು ಇವನ ಮೇಲೆ, ದರ ನಿಗದಿ ಮಾಡಿದವರ ಮೇಲಲ್ಲ. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡವೇ ಜಾರಿ ಮನೆ ತೋಟಗಳನ್ನು ನುಂಗಿ, ಚಾರ್ಮಾಡಿ ಘಾಟಿ ಮುಚ್ಚಿಹೋದಾಗ ಸಂಪರ್ಕದ ಬೆಲೆ ಏನೆಂಬುದು ರೂಪಾಯಿಯ ಲೆಕ್ಕಕ್ಕೆ ಸಿಗದ ರೀತಿಯಲ್ಲಿ ತಿಳಿದಿತ್ತು. ಸರ್ಕಾರದ ಕಡೆಯಿಂದಲೂ ಒಂದು ಪ್ರಯತ್ನವಿದೆ: ಭಾರತ್‌ನೆಟ್ ಎಂಬ ಕೇಂದ್ರದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತರಲು 2011ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾಯಿತು. ಅದೂ ಪಂಚಾಯಿತಿ ಕಟ್ಟಡದವರೆಗೆ, ಅಲ್ಲಿಂದ ಮುಂದಿನ ಗುಡ್ಡ ಯಾರದೆಂಬುದು ಬೇರೆ ಪ್ರಶ್ನೆ.

ಇದೆಲ್ಲ ವಿಲಾಸದ ಅಳಲೆಂದು ಬದಿಗಿಡುವವರಿದ್ದಾರೆ, ಆದರೆ ಇಲ್ಲಿ ಅಂತರ್ಜಾಲ ಹೊಟ್ಟೆಪಾಡಿನ ಮಾತೂ ಹೌದು. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಬೆಳೆಗಾರ ಕಾಫಿಯನ್ನು ಪೂಲಿಗೆ ಒಪ್ಪಿಸಿ ಕಂತಿನ ಹಣಕ್ಕೆ ಕಾಯುತ್ತಿದ್ದ, ಲಂಡನ್ನಿನ ಮಾರುಕಟ್ಟೆಯಲ್ಲಿ ಏನಾಯಿತೆಂಬುದು ಅವನಿಗೆ ಬೇಕಿರಲಿಲ್ಲ. 1996ರಲ್ಲಿ ಪೂರ್ಣ ಮುಕ್ತ ಮಾರಾಟ ಬಂದ ಮೇಲೆ ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ಎಂದು ಎರಡು ಎಕರೆಯವನೂ ದಿನಾ ನೋಡಬೇಕಾಯಿತು. ಅಂತರ್ಜಾಲ ಇಂದು ಕತ್ತಿ, ಕುಕ್ಕೆಗಳಂತೆ ತೋಟದ ಒಂದು ಸಲಕರಣೆ. 2022ರ ಕೊನೆಗೆ ಸರ್ಕಾರ ರಚಿಸಿದ ಆನೆ ಕಾರ್ಯಪಡೆಯವರು ಕಾಡಾನೆಗಳ ಹಿಂಡು ಇಂದು ಯಾವ ತೋಟದಲ್ಲಿದೆ ಎಂಬುದನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುತ್ತಾರೆ. ಬರಿಯ ಅಕ್ಷರದ ಸಂದೇಶವಾದರೆ 64 ಕಿಲೋಬಿಟ್‌ನಲ್ಲಿಯೂ ಬಂದೀತು. ಧ್ವನಿಯೋ ಚಿತ್ರವೋ ಆಗಿದ್ದರೆ, ಹಿಂದಿನ ರಾತ್ರಿ ಗುಂಪಿಗೆ ಬಂದ ಶುಭರಾತ್ರಿಯ ಗುಲಾಬಿಗಳ ಹಿಂದೆ ಸರದಿಯಲ್ಲಿ ನಿಂತು, ಆಳುಗಳು ತೋಟಕ್ಕೆ ಇಳಿದ ಮೇಲೆ ತೆರೆದುಕೊಳ್ಳುತ್ತದೆ. 2020ರಿಂದ ಎರಡು ವರ್ಷ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದ್ದನ್ನೂ, 2021ರ ಜೂನಿನಲ್ಲಿ ಘಾಟಿಯ ಕೆಳಗೆ ಸುಳ್ಯ ತಾಲೂಕಿನಲ್ಲಿ ಸುರಿವ ಮಳೆಯ ನಡುವೆ ಮಗಳ ತರಗತಿ ಮುಗಿಯುವವರೆಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರವನ್ನೂ ನಾಡು ನೋಡಿದೆ. ಮೂಡಿಗೆರೆಯ ಕಾಡಂಚಿನಲ್ಲಿ ಬದುಕಿ, ಗಣಕದಲ್ಲಿ ಕನ್ನಡ ಬಾರದಿದ್ದರೆ ಕನ್ನಡಕ್ಕೆ ಉಳಿಗಾಲವಿಲ್ಲವೆಂದು ಕೊನೆಯವರೆಗೂ ವಾದಿಸುತ್ತಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು 2007ರ ಏಪ್ರಿಲ್ 5ರಂದು ತೀರಿಕೊಂಡಾಗ ದೇಶದ ಬ್ರಾಡ್‌ಬ್ಯಾಂಡಿನ ವ್ಯಾಖ್ಯೆ ಇನ್ನೂ 256 ಕಿಲೋಬಿಟ್ಟೇ ಆಗಿತ್ತು. ದಿನದ ಪಾಲು ಮುಗಿದ ಇಂದಿನ ಮೊಬೈಲು ಅದರ ಕಾಲುಭಾಗದ ವೇಗದಲ್ಲಿ ಓಡುತ್ತದೆ.

ದೂರು ಕೊಡುವ ಹಾದಿ ಇಲ್ಲದೆ ಇಲ್ಲ. ಟ್ರಾಯ್ ಬಿಡಿ ದೂರುಗಳನ್ನು ತಾನೇ ವಿಚಾರಿಸುವುದಿಲ್ಲ. 2012ರ ನಿಯಮದಂತೆ ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಗ್ರಾಹಕ ಆಯೋಗಕ್ಕೆ ಈ ವ್ಯಾಜ್ಯಗಳ ಮೇಲೆ ಅಧಿಕಾರವೇ ಇಲ್ಲವೆಂಬ ವಾದ 2009ರ ಒಂದು ತೀರ್ಪಿನ ಬಲದಿಂದ ಬಹುಕಾಲ ನಡೆದಿತ್ತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ದೂರಸಂಪರ್ಕದ ಗ್ರಾಹಕನೂ ಗ್ರಾಹಕನೇ ಎಂದಿತು. ಆದ್ದರಿಂದ ದೂರಿನ ಸಂಖ್ಯೆ, ದಿನಾಂಕ, ವೇಗಪರೀಕ್ಷೆಯ ಚಿತ್ರ, ರೀಚಾರ್ಜಿನ ರಸೀದಿ ಇವನ್ನು ಎತ್ತಿಟ್ಟುಕೊಂಡವನಿಗೆ ಚಿಕ್ಕಮಗಳೂರಿನ ಜಿಲ್ಲಾ ಆಯೋಗದ ಬಾಗಿಲು ತೆರೆದಿದೆ. 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಟ್ರಾಯ್‌ನ ಗುಣಮಟ್ಟದ ನಿಯಮಗಳಲ್ಲಿ ಪರಿಹಾರದ ಮಾತೂ ಇದೆ: ಸೇವೆ 24 ಗಂಟೆ ಮೀರಿ ನಿಂತರೆ ಬಿಲ್ಲಿನವರಿಗೆ ಬಾಡಿಗೆಯಲ್ಲಿ ಕಡಿತ, ರೀಚಾರ್ಜಿನವರಿಗೆ ಅವಧಿಯ ವಿಸ್ತರಣೆ. ಆದರೆ ಆ ನಿಲುಗಡೆಯನ್ನು ಅಳೆಯುವ ಮಾನ ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಕುದುರೆಮುಖದ ನೆತ್ತಿಯಿಂದ ಕಡೂರಿನ ತೆಂಗಿನ ಬಯಲಿನವರೆಗೆ ಹರಡಿದೆ, ಕಳಸದಲ್ಲಿ ಎಂಟು ದಿನ ಹಿಡಿದ ಮಳೆ ಕಡೂರಿನಲ್ಲಿ ಮೋಡವಾಗಿಯಷ್ಟೇ ಸುಳಿಯುವುದುಂಟು. ಕಡೂರಿನಲ್ಲಿ ಟವರು ಸಿಗುವವರೆಗೆ ಜಿಲ್ಲೆಯ ಸೇವೆ ನಿಂತಂತಲ್ಲ, ಕಳಸದ ಆ ಎಂಟು ದಿನಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ.